ಉಣ್ಣುವವರ ಎಡ

ನರ್ಸಿಂಗ್ ಓದಲು ಬರುವ ಹುಡುಗ ಹುಡುಗಿಯರಿಗೆ ನಾನು ಅನಾಟಮಿ ಪಾಠ ಮಾಡುತ್ತೇನೆ. ಮಲೆನಾಡಿನ ಒಂದು ಸಣ್ಣ ಊರಿನ ಕಾಲೇಜು. ಮಕ್ಕಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮೊದಲ ವಾರದ ಪಾಠದಲ್ಲಿ ಹೃದಯ, ಶ್ವಾಸಕೋಶ, ಮೂಳೆ ಯಾವುದೂ ಬರುವುದಿಲ್ಲ. ಬರುವುದು ಬರೀ ದಿಕ್ಕುಗಳು. ಆಂಟೀರಿಯರ್, ಪೋಸ್ಟೀರಿಯರ್, ಸುಪೀರಿಯರ್, ಇನ್ಫೀರಿಯರ್, ಮೀಡಿಯಲ್, ಲ್ಯಾಟರಲ್, ಪ್ರಾಕ್ಸಿಮಲ್, ಡಿಸ್ಟಲ್. ಬೋರ್ಡಿನ ಮೇಲೆ ಇಷ್ಟು ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚುಗಳು ಸುಮ್ಮನಾಗಿರುತ್ತವೆ. ದೇಹದ ಬಗ್ಗೆ ತಮಗೆ ಏನೇನೂ ಗೊತ್ತಿಲ್ಲ ಎಂದು ಅವರಿಗೆ ಅನ್ನಿಸತೊಡಗುವ ಹೊತ್ತು ಅದು.

ಆಗ ಬೋರ್ಡಿನ ಇನ್ನೊಂದು ಬದಿಯಲ್ಲಿ ನಾನು ಅವರದೇ ಪದಗಳನ್ನು ಬರೆಯುತ್ತೇನೆ. ಮುಂದಲೆ, ಹಿಂದಲೆ. ಮೇಲ್ತುಟಿ, ಕೆಳತುಟಿ. ಮುಂಗೈ, ಒಳತೊಡೆ, ಕಿಬ್ಬೊಟ್ಟೆ, ಪಕ್ಕೆಲುಬು, ನಡುಬೆರಳು. ಇವೆಲ್ಲ ದಿಕ್ಕನ್ನು ಮಡಿಲಲ್ಲಿ ಇಟ್ಟುಕೊಂಡೇ ಹುಟ್ಟಿದ ಪದಗಳು. ಪಕ್ಕೆಲುಬು ಎಂದರೆ ಪಕ್ಕದ ಎಲುಬು, ಕಿಬ್ಬೊಟ್ಟೆ ಎಂದರೆ ಹೊಟ್ಟೆಯ ಕೆಳಭಾಗ. ಪಾರ್ಶ್ವವಾಯು ಎಂಬ ಕಾಯಿಲೆಯ ಹೆಸರಿನಲ್ಲೂ ಒಂದು ದಿಕ್ಕಿದೆ. ಪಾರ್ಶ್ವ ಎಂದರೆ ಬದಿ. ಲ್ಯಾಟರಲ್ ಎಂಬ ಪದದ ಮೂಲವಾದ ಲ್ಯಾಟಿನ್ನಿನ ಲಾಟಸ್ ಎಂಬುದಕ್ಕೂ ಅದೇ ಅರ್ಥ. ದೇಹಕ್ಕೆ ದಿಕ್ಕು ಇಡುವ ಕೆಲಸ ನಮ್ಮ ಅಜ್ಜ ಅಜ್ಜಿಯರು ಎಂದೋ ಮಾಡಿ ಮುಗಿಸಿದ್ದಾರೆ ಎಂದು ಹೇಳಿದಾಗ ತರಗತಿ ಸ್ವಲ್ಪ ಉಸಿರಾಡುತ್ತದೆ.

ಹಾಗಾದರೆ ಈ ಹೊಸ ಪದಗಳು ಯಾಕೆ ಬೇಕು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಆ ಪಟ್ಟಿಯಲ್ಲೇ ಇದೆ. ಮುಂದಲೆಯ ‘ಮುಂ’ ಬೇರೆ, ಮುಂಗೈಯ ‘ಮುಂ’ ಬೇರೆ. ಮುಂದಲೆ ಎಂದರೆ ತಲೆಯ ಎದುರು ಭಾಗ. ಮುಂಗೈ ಎಂದರೆ ಕೈಯ ಎದುರು ಭಾಗವಲ್ಲ, ಮೊಣಕೈಯಿಂದ ಮುಂದಕ್ಕೆ ಇರುವ ಭಾಗ. ಒಂದೇ ಪದ ಒಮ್ಮೆ ಮುಖದ ದಿಕ್ಕನ್ನೂ ಇನ್ನೊಮ್ಮೆ ತುದಿಯ ದಿಕ್ಕನ್ನೂ ಹೇಳುತ್ತಿದೆ. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ರಾತ್ರಿ ಪಾಳಿಯ ನರ್ಸ್ ಬೆಳಗಿನ ಪಾಳಿಯವರಿಗೆ ಗಾಯ ಎಲ್ಲಿದೆ ಎಂದು ಬರೆದಿಟ್ಟು ಹೋಗುವಾಗ ಈ ಎರಡು ಅರ್ಥ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆದ್ದರಿಂದ ಎದುರಿಗೆ ಇರುವುದಕ್ಕೆ ಆಂಟೀರಿಯರ್ ಎಂದೂ ತುದಿಯ ಕಡೆ ಇರುವುದಕ್ಕೆ ಡಿಸ್ಟಲ್ ಎಂದೂ ಬೇರೆ ಬೇರೆ ಹೆಸರು. ಡಿಸ್ಟಲ್, ಪ್ರಾಕ್ಸಿಮಲ್ ಎರಡನ್ನೂ ನಾನು ತುದಿ, ಬುಡ ಎಂದು ಹೇಳಿಕೊಡುತ್ತೇನೆ. ಕೊಂಬೆಗೆ ಬುಡ ಇರುವ ಹಾಗೆ ಕೈಗೆ ಭುಜ ಬುಡ, ಬೆರಳು ತುದಿ. ಕೈಯನ್ನು ತಲೆಯ ಮೇಲೆತ್ತಿದರೂ ಮಣಿಕಟ್ಟು ಮೊಣಕೈಗಿಂತ ತುದಿಯ ಕಡೆಗೇ ಇರುತ್ತದೆ. ಅಡಿಕೆ ಮರ ಹತ್ತುವವರ ಮನೆಯ ಮಕ್ಕಳು ಇದನ್ನು ಇನ್ನೊಮ್ಮೆ ಕೇಳುವುದಿಲ್ಲ.

ಇಷ್ಟೆಲ್ಲ ಪದಗಳು ನಿಂತಿರುವುದು ಒಂದು ಕಲ್ಪನೆಯ ಮೇಲೆ. ಅನಾಟಮಿಯ ಪುಸ್ತಕದೊಳಗೆ ಒಬ್ಬ ಮನುಷ್ಯ ಸದಾ ನಿಂತೇ ಇದ್ದಾನೆ. ನೆಟ್ಟಗೆ, ಮುಖ ಮುಂದಕ್ಕೆ, ಪಾದ ಜೋಡಿಸಿಕೊಂಡು, ತೋಳುಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಅಂಗೈಗಳನ್ನು ನಮ್ಮತ್ತ ತೆರೆದು. ನಿಜ ಜೀವನದಲ್ಲಿ ಯಾರೂ ಹೀಗೆ ನಿಲ್ಲುವುದಿಲ್ಲ. ಆದರೆ ರೋಗಿ ಅಂಗಾತ ಮಲಗಿರಲಿ, ಬೋರಲು ಮಲಗಿರಲಿ, ಮಗ್ಗುಲಾಗಿರಲಿ, ಗೋಡೆಗೆ ಒರಗಿ ಕೂತಿರಲಿ, ಬರೆಯುವವರು ಅವರನ್ನು ಮನಸ್ಸಿನಲ್ಲೇ ಎಬ್ಬಿಸಿ ಹೀಗೆ ನಿಲ್ಲಿಸಿಕೊಳ್ಳಬೇಕು. ಆಮೇಲೆ ಮೇಲೆ ಎಂದರೆ ತಲೆಯ ಕಡೆ, ಕೆಳಗೆ ಎಂದರೆ ಪಾದದ ಕಡೆ. ಅಂಗಾತ ಮಲಗಿದವರ ಎದೆ ಮೇಲೆ ಛಾವಣಿಯ ಕಡೆಗಿದ್ದರೂ ಅದು ಬೆನ್ನಿಗಿಂತ ‘ಮೇಲೆ’ ಅಲ್ಲ, ‘ಮುಂದೆ’. ಇದು ಗೊತ್ತಿದ್ದರೆ ಕುಂಡೆಗೆ ಚುಚ್ಚುಮದ್ದು ಕೊಡುವಾಗ ಮೇಲಿನ ಹೊರಗಿನ ಕಾಲುಭಾಗ ಎಂದರೆ ಯಾವುದು ಎಂದು ಹುಡುಕಬೇಕಾಗಿಲ್ಲ. ಆ ಭಾಗ ಬಿಟ್ಟು ಒಳಕ್ಕೋ ಕೆಳಕ್ಕೋ ಹೋದರೆ ಕಾಲಿಗೆ ಇಳಿಯುವ ದಪ್ಪ ಸಯಾಟಿಕ್ ನರಕ್ಕೆ ಸೂಜಿ ತಾಗಬಹುದು. ನಮ್ಮ ಮಕ್ಕಳ ಪಾಲಿಗೆ ಈ ವ್ಯಾಕರಣದ ಬೆಲೆ ಅಲ್ಲಿದೆ.

ಈ ವ್ಯಾಕರಣದಲ್ಲಿ ವಿಚಿತ್ರಗಳೂ ಇವೆ. ಡಾರ್ಸಲ್ ಎಂದರೆ ಬೆನ್ನಿನ ಕಡೆ. ಆದರೆ ಪಾದದ ಡಾರ್ಸಮ್ ಎಂದರೆ ಚಪ್ಪಲಿಯ ಪಟ್ಟಿ ಕೂರುವ ಮೇಲ್ಭಾಗ. ಕಾಲಿನ ಬೆನ್ನು ಮುಂದಕ್ಕೆ ಹೇಗೆ ಬಂತು? ಗರ್ಭದಲ್ಲಿ ಎರಡನೆಯ ತಿಂಗಳಲ್ಲಿ ಕೈಕಾಲುಗಳು ಮೊಳೆತು ಬೆಳೆಯುವಾಗ ತೋಳು ಒಂದು ಕಡೆಗೆ, ಕಾಲು ಅದರ ವಿರುದ್ಧ ಕಡೆಗೆ ತಿರುಚಿಕೊಳ್ಳುತ್ತವೆ. ಅದಕ್ಕೇ ನಮ್ಮ ಮೊಣಕೈ ಹಿಂದಕ್ಕೆ ಮುಖ ಮಾಡಿದೆ, ಮೊಣಕಾಲು ಮುಂದಕ್ಕೆ. ಹುಟ್ಟುವ ಮೊದಲೇ ನಡೆದುಹೋದ ಆ ತಿರುವನ್ನು ಪಾದದ ಬೆನ್ನು ಎಂಬ ಹೆಸರು ಇಂದಿಗೂ ನೆನಪಿಟ್ಟುಕೊಂಡಿದೆ.

ಹೆಸರುಗಳು ಹೀಗೆ ಒಂದು ದಾರಿಗೆ ಬಂದದ್ದು ತೀರ ಹಳೆಯ ಕಾಲದಲ್ಲೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಒಂದೊಂದು ದೇಶ, ಒಂದೊಂದು ಗುರುಪರಂಪರೆ ದೇಹದ ಅದೇ ಭಾಗಕ್ಕೆ ತನ್ನದೇ ಹೆಸರು ಇಟ್ಟು, ಸುಮಾರು 50,000 ಹೆಸರುಗಳು ಬಳಕೆಯಲ್ಲಿದ್ದವು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೇರಿದ ಅಂಗರಚನಾಶಾಸ್ತ್ರಜ್ಞರು ಅದನ್ನು ಸುಮಾರು 5,000ಕ್ಕೆ ಇಳಿಸಿದರು. ಆಮೇಲೆ ಎಷ್ಟೋ ತಿದ್ದುಪಡಿಗಳಾಗಿ 1998ರಲ್ಲಿ ‘ಟರ್ಮಿನೋಲಾಜಿಯಾ ಅನಟಾಮಿಕಾ’ ಎಂಬ ಅಂತಾರಾಷ್ಟ್ರೀಯ ಪಟ್ಟಿ ಹೊರಬಂತು. ಹೆಸರಲ್ಲೂ ದಿಕ್ಕಿನಲ್ಲೂ ಎಲ್ಲರೂ ಒಪ್ಪಿದ್ದಾರೆ ಎಂಬ ಧೈರ್ಯದಿಂದಲೇ ಇಂದು ಮಂಗಳೂರಿನಲ್ಲಿ ಬರೆದ ವರದಿಯನ್ನು ಮಸ್ಕತ್ತಿನ ವೈದ್ಯರು ಓದಿ ಅರ್ಥಮಾಡಿಕೊಳ್ಳುವುದು.

ದಿಕ್ಕನ್ನು ಎಲ್ಲಿಂದ ಅಳೆಯಬೇಕು ಎಂಬುದಕ್ಕೆ ಲೋಕದಲ್ಲಿ ಬೇರೆ ದಾರಿಗಳೂ ಇವೆ. ಮೂಡಣ, ಪಡುವಣ ಎಂಬ ಪದಗಳು ಸೂರ್ಯನಿಂದ ಬಂದವು. ಮೂಡುವ ಕಡೆ, ಮುಳುಗುವ ಕಡೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಗೂಗು ಯಿಮಿದಿರ್ ಎಂಬ ಭಾಷೆಯನ್ನಾಡುವವರು ಕೈಯಳತೆಯ ವಸ್ತುಗಳಿಗೂ ಎಡ ಬಲ ಅನ್ನದೆ ಉತ್ತರ ದಕ್ಷಿಣಗಳನ್ನೇ ಹೇಳುತ್ತಾರೆ ಎಂದು ಭಾಷಾವಿಜ್ಞಾನಿಗಳು ದಾಖಲಿಸಿದ್ದಾರೆ. ಸಂಸ್ಕೃತದಲ್ಲಿ ಇದಕ್ಕೆ ತಿರುಗುಮುರುಗಾದ ಸಂಗತಿಯಿದೆ. ಅಲ್ಲಿ ದೇಹವೇ ಆಕಾಶಕ್ಕೆ ದಿಕ್ಕು ಕೊಟ್ಟಿದೆ. ಮೂಡಣಕ್ಕೆ ಮುಖ ಮಾಡಿ ನಿಂತವನಿಗೆ ಮುಂದಿರುವುದು ಪೂರ್ವ, ಹಿಂದಿರುವುದು ಪಶ್ಚಿಮ, ಬಲಗೈ ಕಡೆಯದು ದಕ್ಷಿಣ. ದಕ್ಷಿಣ ಎಂದರೆ ಬಲವೂ ಹೌದು, ತೆಂಕಣವೂ ಹೌದು. ಪ್ರದಕ್ಷಿಣೆ ಬರುವಾಗ ದೇವರು ನಮ್ಮ ಬಲಗಡೆ ಇರುತ್ತಾನೆ. ಯೋಗಾಸನ ಮಾಡುವವರಿಗೆ ಪಶ್ಚಿಮೋತ್ತಾನಾಸನ ಗೊತ್ತಿರುತ್ತದೆ. ಕೂತು ಮುಂದಕ್ಕೆ ಬಾಗಿ ಕಾಲು ಹಿಡಿಯುವ ಆ ಆಸನದಲ್ಲಿ ಹಿಗ್ಗುವ ‘ಪಶ್ಚಿಮ’ ನಮ್ಮ ಬೆನ್ನು. ಮನೆ ಯಾವ ದಿಕ್ಕಿಗಿದ್ದರೂ, ಚಾಪೆ ಹೇಗೆ ಹಾಸಿದ್ದರೂ, ಬೆನ್ನು ಪಶ್ಚಿಮವೇ.

ಇಷ್ಟರವರೆಗೆ ಮಕ್ಕಳು ನಗುನಗುತ್ತಲೇ ಬರುತ್ತಾರೆ. ಅವರು ನಿಜವಾಗಿ ತಡವರಿಸುವುದು ಎಲ್ಲಕ್ಕಿಂತ ಸುಲಭವಾದ ಎರಡು ಪದಗಳಲ್ಲಿ. ಎಡ ಮತ್ತು ಬಲ. ಚಿತ್ರದಲ್ಲಿರುವ ಮನುಷ್ಯ ನಮಗೆ ಎದುರಾಗಿ ನಿಂತಿದ್ದಾನೆ. ಅವನ ಹೃದಯ ನಮ್ಮ ಬಲಗಡೆಗೆ ಕಾಣುತ್ತಿದೆ. ಆದರೂ ಅದು ಎಡಕ್ಕಿದೆ ಎನ್ನಬೇಕು. ಯಾಕೆಂದರೆ ಅನಾಟಮಿಯಲ್ಲಿ ಎಡ ಬಲಗಳು ನೋಡುವವರವಲ್ಲ, ನೋಡಿಸಿಕೊಳ್ಳುವವರವು.

ಇದನ್ನು ಕಲಿಸಲು ನನಗೆ ಬಾಳೆ ಎಲೆಗಿಂತ ಒಳ್ಳೆಯ ಪಾಠೋಪಕರಣ ಸಿಕ್ಕಿಲ್ಲ. ನಮ್ಮ ಕಡೆ ಎಲೆ ಹಾಕುವಾಗ ಕುಡಿ ಉಣ್ಣುವವರ ಎಡಕ್ಕೆ ಬರಬೇಕು. ಎಡಗಡೆಯ ಮೇಲ್ತುದಿಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ. ಪಾಯಸ ಕೆಳಗೆ ಬಲಗಡೆ. ಬಡಿಸುವವರು ಪಂಕ್ತಿಯ ಎದುರು ಬಗ್ಗಿ ನಿಂತಿರುತ್ತಾರೆ. ಉಣ್ಣುವವರ ಎಡ ಅವರಿಗೆ ಬಲವಾಗಿ ಕಾಣುತ್ತದೆ. ಹೊಸದಾಗಿ ಉಪ್ಪಿನ ಪಾತ್ರೆ ಹಿಡಿದ ಹುಡುಗರು ಒಂದು ಕ್ಷಣ ಅಲ್ಲೇ ನಿಂತುಬಿಡುತ್ತಾರೆ. ನನ್ನ ಅಜ್ಜಿ ಅಡುಗೆಮನೆಯ ಬಾಗಿಲಿಂದಲೇ ಕೂಗಿ ಹೇಳುತ್ತಿದ್ದಳು: “ನಿನ್ನ ಎಡ ಅಲ್ಲ ಮಾರಾಯ, ಉಣ್ಣೋರ ಎಡ!” ಅಂತಾರಾಷ್ಟ್ರೀಯ ಸಮಿತಿಗಳು ಒಪ್ಪಿಕೊಂಡ ಎಡ ಬಲದ ನಿಯಮ ಇಷ್ಟೇ. ಬಡಿಸುವವರು ನೂರು ಜನ ಬಂದು ಹೋಗಬಹುದು, ಎಡ ಎಂಬುದು ಎಲೆಯ ಮುಂದೆ ಕೂತವರದು.

ಕ್ಷಕಿರಣದ ಕೋಣೆಯಲ್ಲಿ ಇದೇ ನಿಯಮಕ್ಕೆ ಸೀಸದ ರೂಪವಿದೆ. ಎಕ್ಸ್‌ರೇ ತೆಗೆಯುವಾಗ ‘ಆರ್’ ಅಥವಾ ‘ಎಲ್’ ಎಂಬ ಸಣ್ಣ ಸೀಸದ ಅಕ್ಷರವನ್ನು ದೇಹದ ಆಯಾ ಬದಿಗೆ ಇಡುತ್ತಾರೆ. ಕಿರಣ ಅದನ್ನು ದಾಟದೆ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ. ಎದೆಯ ಚಿತ್ರವನ್ನು ನೋಡುವಾಗ ರೋಗಿ ನಮ್ಮೆದುರು ನಿಂತಂತೆ ಹಿಡಿಯುವುದು ರೂಢಿ. ಸಿಟಿ ಸ್ಕ್ಯಾನಿನ ಅಡ್ಡ ಸೀಳುಗಳನ್ನು ಅಂಗಾತ ಮಲಗಿದವರ ಪಾದದ ಕಡೆಯಿಂದ ಇಣುಕಿದಂತೆ ನೋಡಬೇಕು. ಎರಡರಲ್ಲೂ ಅವರ ಎಡ ನಮ್ಮ ಬಲಕ್ಕಿರುತ್ತದೆ. ಸುಮಾರು 10,000 ಜನರಲ್ಲಿ ಒಬ್ಬರಿಗೆ ಹೃದಯ ಬಲಕ್ಕೆ, ಯಕೃತ್ತು ಎಡಕ್ಕೆ, ಒಳಗಿನದೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತದೆ. ಎಷ್ಟೋ ಜನ ಇದು ಗೊತ್ತೇ ಇಲ್ಲದೆ ಆರಾಮವಾಗಿ ಬದುಕುತ್ತಾರೆ. ಅವರಿಗೆ ಅಪೆಂಡಿಕ್ಸ್ ನೋವು ಬಂದರೆ ಅದು ಕಿಬ್ಬೊಟ್ಟೆಯ ಎಡಭಾಗದಲ್ಲಿ ಬರಬಹುದು. ಆಗ ಚಿತ್ರ ತಿರುವುಮುರುವಾಗಿದೆಯೋ ಮನುಷ್ಯನೇ ಹಾಗೋ ಎಂದು ಹೇಳಬಲ್ಲದ್ದು ಆ ಒಂದು ಸೀಸದ ಅಕ್ಷರ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಂತೂ ಎಡ ಬಲದ ಮಾತು ಜೀವದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ಅದನ್ನು ಮೊದಲು ಪರೀಕ್ಷಿಸಿದ ಎಂಟು ನಗರಗಳಲ್ಲಿ ನವದೆಹಲಿಯೂ ಒಂದು. ಅರಿವಳಿಕೆ ಕೊಡುವ ಮೊದಲೇ ಕೇಳಬೇಕಾದದ್ದು: ರೋಗಿ ತನ್ನ ಹೆಸರು, ಆಗಬೇಕಾದ ಶಸ್ತ್ರಚಿಕಿತ್ಸೆ, ಅದರ ಜಾಗ ಇವನ್ನು ಖಚಿತಪಡಿಸಿದ್ದಾರೆಯೇ? ಜಾಗಕ್ಕೆ ಗುರುತು ಹಾಕಿದೆಯೇ? ಎಚ್ಚರವಿರುವಾಗಲೇ ಕೇಳಬೇಕು, ಯಾಕೆಂದರೆ ಆಮೇಲೆ ತನ್ನ ಎಡವನ್ನು ತಾನೇ ಹೇಳಲು ಆ ಮನುಷ್ಯನಿಗೆ ಆಗುವುದಿಲ್ಲ. ಹಸಿರು ಬಟ್ಟೆ ಹೊದಿಸಿದ ಮೇಲೆ ಎರಡು ಮೊಣಕಾಲುಗಳು ಒಂದೇ ಥರ ಕಾಣುತ್ತವೆ. ಮಾರ್ಕರ್ ಪೆನ್ನಿನ ಆ ಗುರುತು ಮಾತ್ರ ಅವರ ಪರವಾಗಿ ಎಚ್ಚರವಾಗಿರುತ್ತದೆ.

ವರ್ಷಕ್ಕೊಮ್ಮೆ ನಮ್ಮ ಮಕ್ಕಳನ್ನು ಹತ್ತಿರದ ವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ದಾನವಾಗಿ ಬಂದ ದೇಹಗಳನ್ನು ಅವರು ಮೊದಲ ಸಲ ನೋಡುತ್ತಾರೆ. ಮೇಜಿನ ಸುತ್ತ ನಿಂತ ಇಪ್ಪತ್ತು ಜನರಿಗೆ ಇಪ್ಪತ್ತು ಎಡಗಳಿರುತ್ತವೆ. ತಲೆಯ ಹತ್ತಿರ ನಿಂತವಳ ಎಡ ಒಂದು, ಪಾದದ ಹತ್ತಿರ ನಿಂತವನ ಎಡ ಇನ್ನೊಂದು. ಆದರೆ ‘ಎಡ ಮೂತ್ರಪಿಂಡ’ ಎಂದಾಗ ಇಪ್ಪತ್ತು ಬೆರಳುಗಳೂ ಒಂದೇ ಕಡೆ ತೋರಿಸಬೇಕು. ಆ ದೇಹ ತನ್ನ ಎಡವನ್ನು ತಾನು ಹೇಳಿಕೊಳ್ಳುವ ಕಾಲ ಮುಗಿದಿದೆ. ಅದನ್ನು ಬೋರಲಾಗಿ ಮಲಗಿಸಿದರೂ ಅವರ ಎಡ ಅವರೊಂದಿಗೇ ತಿರುಗುತ್ತದೆ. ಹೆಸರು ಗೊತ್ತಿಲ್ಲದ ಒಬ್ಬರಿಗೆ ನಾವು ಸಲ್ಲಿಸುವ ಮರ್ಯಾದೆಗಳಲ್ಲಿ ಇದೂ ಒಂದು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಒಬ್ಬರ ಎಡವನ್ನು ಬೇರೆಯವರು ಕಾಪಾಡಿಕೊಡುವುದು ಎಂದರೆ ನಿಜಕ್ಕೂ ಏನು ಎಂಬುದು ನನಗೆ ತಿಳಿದದ್ದು ಮಾತ್ರ ಮನೆಯಲ್ಲಿ.

ನಾಲ್ಕು ವರ್ಷದ ಹಿಂದೆ ಅಪ್ಪಯ್ಯನಿಗೆ ಪಾರ್ಶ್ವವಾಯು ಹೊಡೆಯಿತು. ಮಿದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿತ್ತು. ಕೈಕಾಲು ಆಡಿಸುವ ನರತಂತುಗಳು ಮಿದುಳಿನ ಬುಡದಲ್ಲಿ ಅಡ್ಡ ದಾಟುವುದರಿಂದ ಬಲದ ಪೆಟ್ಟು ಎಡಕ್ಕೆ ಬೀಳುತ್ತದೆ. ಎಡಗೈ, ಎಡಗಾಲು ಸೋತವು. ಮಾತು ಉಳಿಯಿತು, ನೆನಪು ಉಳಿಯಿತು. ಅಡಿಕೆಯ ದರ ಕೇಳುತ್ತಿದ್ದರು, ಬಂದವರ ಮನೆಯ ಕ್ಷೇಮ ವಿಚಾರಿಸುತ್ತಿದ್ದರು. ಇನ್ನೇನು, ಕೈಕಾಲಿಗೆ ವ್ಯಾಯಾಮ ಮಾಡಿಸಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡೆವು.

ಮನೆಗೆ ಬಂದ ಮೇಲೆ ಒಂದೊಂದೇ ಕಾಣತೊಡಗಿತು. ಗಡ್ಡ ಹೆರೆದುಕೊಂಡರೆ ಕೆನ್ನೆಯ ಬಲಭಾಗ ಮಾತ್ರ ನುಣ್ಣಗೆ. ಎಡಗಡೆಯಿಂದ ಯಾರಾದರೂ ಮಾತಾಡಿಸಿದರೆ ಬಲಕ್ಕೆ ತಿರುಗಿ ಹುಡುಕುತ್ತಿದ್ದರು. ಊಟಕ್ಕೆ ಕೂತರೆ ಎಲೆಯ ಬಲಭಾಗ ಖಾಲಿ, ಎಡಭಾಗ ಬಡಿಸಿದ್ದು ಬಡಿಸಿದ ಹಾಗೇ. “ಉಪ್ಪಿನಕಾಯಿ ಯಾಕೆ ಹಾಕ್ಲಿಲ್ವೇ?” ಎಂದು ಅಮ್ಮನನ್ನು ಕೇಳುತ್ತಿದ್ದರು. “ಅಲ್ಲೇ ಇದ್ಯಲ್ಲ, ನೋಡಿ” ಎಂದು ಅಮ್ಮ ತೋರಿಸಿದರೆ ಅವಳ ಬೆರಳು ಹೋದ ಕಡೆ ಅವರ ಕಣ್ಣು ಹೋಗುತ್ತಿರಲಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಏನೂ ತೊಂದರೆ ಇರಲಿಲ್ಲ. ಒಂದು ದಿನ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಪಕ್ಕಕ್ಕೆ ಸರಿಸುತ್ತ, “ಇದ್ಯಾರದ್ದು ಇಲ್ಲಿ?” ಎಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಪುಸ್ತಕದಲ್ಲಿ ಇದಕ್ಕೆ ನೆಗ್ಲೆಕ್ಟ್ ಎಂದು ಹೆಸರು. ಕಣ್ಣು ಕಾಣುತ್ತದೆ, ಆದರೆ ಗಮನವೇ ಆ ಕಡೆಗೆ ಹೋಗುವುದಿಲ್ಲ. 1978ರಲ್ಲಿ ಎಡೊಆರ್ಡೊ ಬಿಸಿಯಾಕ್ ಮತ್ತು ಕ್ಲಾಡಿಯೊ ಲುಜ್ಜಾಟಿ ಎಂಬ ಇಟಲಿಯ ವಿಜ್ಞಾನಿಗಳು ಇಂಥ ಇಬ್ಬರು ರೋಗಿಗಳ ಬಗ್ಗೆ ಬರೆದರು. ಮಿಲಾನ್ ನಗರದ ದೊಡ್ಡ ಇಗರ್ಜಿಯ ಮುಂದಿನ ಚೌಕ ಅವರಿಬ್ಬರಿಗೂ ಚೆನ್ನಾಗಿ ಪರಿಚಯವಿತ್ತು. ಚೌಕದ ಆ ತುದಿಯಲ್ಲಿ ಇಗರ್ಜಿಗೆ ಎದುರಾಗಿ ನಿಂತಿದ್ದೀರಿ ಎಂದುಕೊಳ್ಳಿ, ಏನೇನು ಕಾಣುತ್ತದೆ ಎಂದು ಕೇಳಿದರು. ಅವರು ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಈಗ ಇಗರ್ಜಿಯ ಬಾಗಿಲಿಂದ ಚೌಕವನ್ನು ನೋಡುತ್ತಿದ್ದೀರಿ ಎಂದುಕೊಳ್ಳಿ ಎಂದರು. ಆಗ ಮೊದಲು ಬಿಟ್ಟುಹೋಗಿದ್ದ ಕಟ್ಟಡಗಳೇ ಬಾಯಿಗೆ ಬಂದವು, ಮೊದಲು ಹೇಳಿದವು ಮಾಯವಾದವು. ಊರು ಪೂರ್ತಿ ಒಳಗಿತ್ತು. ಎಡಕ್ಕೆ ಹೋಗುವ ದಾರಿ ಮಾತ್ರ ಕಟ್ಟಿಹೋಗಿತ್ತು.

ಈ ಪ್ರಯೋಗವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಪ್ಪಯ್ಯ ಅರ್ಧ ಎಲೆಯ ಮುಂದೆ ಕೂತಿರುವುದನ್ನು ನೋಡುವಾಗ ಅದು ಬೇರೆಯೇ ಆಗಿ ಕೇಳಿಸಿತು. ಎಡ ಎಂಬುದು ಎಲೆಯ ಮುಂದೆ ಕೂತವರದು ಎನ್ನುತ್ತೇವೆ. ಕೂತವರೇ ಅದನ್ನು ಕಳೆದುಕೊಂಡರೆ ಅದು ಯಾರದು?

ಅಮ್ಮನಿಗೆ ಈ ಪ್ರಶ್ನೆ ಇರಲಿಲ್ಲ, ಅವಳಿಗೆ ಅವರ ಹೊಟ್ಟೆ ತುಂಬಬೇಕಿತ್ತು. ಎಲೆಯನ್ನು ಅರ್ಧ ಸುತ್ತು ತಿರುಗಿಸಿಬಿಟ್ಟಳು. ಕುಡಿ ಬಲಕ್ಕೆ ಬಂತು, ಉಪ್ಪು, ಉಪ್ಪಿನಕಾಯಿ, ಪಲ್ಯ ಎಲ್ಲ ಅವರ ಕಣ್ಣಿನ ಕಡೆಗೆ ಬಂದವು. ಅಜ್ಜಿ ಬದುಕಿದ್ದರೆ ಅಂಥ ಎಲೆಯನ್ನು ನೋಡಿ ಸುಮ್ಮನಿರುತ್ತಿರಲಿಲ್ಲ. ಅಪ್ಪಯ್ಯ ಖುಷಿಯಾಗಿ ಉಂಡರು. ವಾರಕ್ಕೆ ಎರಡು ದಿನ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಇದನ್ನು ನೋಡಿ ಅಮ್ಮನ ಹತ್ತಿರ ಕೂತು ನಿಧಾನವಾಗಿ ಹೇಳಿದಳು. “ನೀರಿನ ಲೋಟ, ನಿಮ್ಮನ್ನು ಕರೆಯೋ ಗಂಟೆ ಬಲಗಡೆಗೇ ಇರ್ಲಿ ಅಮ್ಮ. ಅದು ಅವರಿಗೆ ಬೇಕಾದ ತಕ್ಷಣ ಸಿಗ್ಬೇಕು. ಆದ್ರೆ ಎಲ್ಲಾನೂ ಬಲಕ್ಕೇ ತಂದುಕೊಟ್ರೆ ಎಡ ಅನ್ನೋದು ಅವರಿಗೆ ಬೇಡವೇ ಆಗಿಬಿಡ್ತದೆ. ಎಲೆ ಸರಿಯಾಗೇ ಹಾಕಿ. ನೀವು ಅವರ ಎಡಕ್ಕೆ ಕೂತ್ಕೊಳ್ಳಿ. ಅವರು ತಿರುಗೋವರೆಗೂ ಕಾಯಿರಿ.”

“ಹಸಿದವರನ್ನ ಕಾಯಿಸೋದಾ ಮಗಾ?” ಎಂದಳು ಅಮ್ಮ. ಆ ಹುಡುಗಿಯ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಎಷ್ಟೋ ವರ್ಷ ಬಡಿಸಿದ ಕೈಗೆ ಬಡಿಸದೆ ಕಾಯುವುದನ್ನು ಕಲಿಸುವುದು ಹೇಗೆ?

ಆದರೂ ಅಮ್ಮ ಕಲಿತಳು. ಮರುದಿನದಿಂದ ಕುಡಿ ಮತ್ತೆ ಎಡಕ್ಕೆ ಬಂತು. ಎಲೆಯ ಎಡ ಅಂಚಿಗೆ ಒಂದು ಕೆಂಪು ರಿಬ್ಬನ್ ಇಟ್ಟೆವು, ಅದು ಕಾಣುವವರೆಗೆ ಕಣ್ಣು ಹಾಯಿಸಬೇಕು ಎಂಬ ಲೆಕ್ಕ. ಅಮ್ಮ ಎಡಗಡೆಗೆ ಮಣೆ ಹಾಕಿಕೊಂಡು ಕೂತು, ಸೋತ ಆ ಎಡಗೈಯನ್ನು ಎತ್ತಿ ಎಲೆಯ ಪಕ್ಕಕ್ಕೆ ಇಟ್ಟು, ಅದರ ಮೇಲೆ ತನ್ನ ಕೈಯಿಟ್ಟು, “ಇದು ನಿಮ್ಮ ಕೈ. ಇದರ ಪಕ್ಕ ಏನಿದೆ ನೋಡಿ” ಎನ್ನುತ್ತಿದ್ದಳು. ಕೆಲವು ದಿನ ಅಪ್ಪಯ್ಯ ರೇಗುತ್ತಿದ್ದರು. ಕೆಲವು ದಿನ ಅನ್ನ ಆರಿ ತಣ್ಣಗಾಗುತ್ತಿತ್ತು. ಅವಳೂ ಆಮೇಲೆ ಅದೇ ತಣ್ಣಗಿನ ಅನ್ನ ಉಣ್ಣುತ್ತಿದ್ದಳು.

ಅವರ ಎಡ ಪೂರ್ತಿ ಮರಳಿ ಬಂದಿಲ್ಲ. ಆಯಾಸವಾದ ದಿನ ಇಂದಿಗೂ ಪಲ್ಯ ಉಳಿಯುತ್ತದೆ. ಆದರೆ ಕುತ್ತಿಗೆ ತಿರುಗುತ್ತದೆ. ಮೊದಲು ಅಮ್ಮನ ಮುಖ ಕಾಣುತ್ತದೆ, ಆಮೇಲೆ ಕೆಂಪು ರಿಬ್ಬನ್, ಆಮೇಲೆ ಉಪ್ಪು. ಹೋದ ಯುಗಾದಿಗೆ ಹೋಳಿಗೆ ಊಟ. ಮೊಮ್ಮಗ ಮೊದಲ ಸಲ ಉಪ್ಪಿನ ಪಾತ್ರೆ ಹಿಡಿದು ಬಡಿಸಲು ನಿಂತಿದ್ದ. ಅಪ್ಪಯ್ಯನ ಎಲೆಯ ಎದುರು ಬಂದವನು ಯಾವ ಕಡೆ ಎಂದು ಗೊತ್ತಾಗದೆ ಚಮಚ ಹಿಡಿದು ನಿಂತ. ಅಪ್ಪಯ್ಯ ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು, ರಿಬ್ಬನ್ ಸಿಗುವವರೆಗೆ ಕಾದರು, ಆಮೇಲೆ ಬಲಗೈಯನ್ನು ಅಡ್ಡ ಚಾಚಿ ಎಲೆಯ ಕುಡಿಯನ್ನು ತಟ್ಟಿ ತೋರಿಸಿದರು.

“ಇಲ್ಲಿ ಹಾಕು” ಎಂದರು.